ಮಕ್ಕಳು ಮುಳುಗಿದ ಕಡಲು, ಮೂರು ವರ್ಷಗಳ ನಂತರದ ಗೀತೆ

ಪ್ರಶ್ನೆ: 'ಇಟ್ ಈಸ್ ವೆಲ್ ವಿತ್ ಮೈ ಸೋಲ್' ಎಂಬ ಇಂಗ್ಲಿಷ್ ಕ್ರೈಸ್ತ ಗೀತೆಯನ್ನು, ಅದರ ಕವಿಯು ತನ್ನ ನಾಲ್ವರು ಹೆಣ್ಣುಮಕ್ಕಳು ಮುಳುಗಿ ಸತ್ತ ಜಾಗವನ್ನು ಹಡಗಿನಲ್ಲಿ ದಾಟುತ್ತಿರುವಾಗಲೇ ಬರೆದನೆಂದು ನಮ್ಮ ಸಭಾಪಾಲಕರು ಪ್ರಸಂಗದಲ್ಲಿ ಹೇಳಿದರು. ಇದು ನಿಜವೇ? ಕವಿ ಯಾರು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ದುರಂತ ನಿಜ, ಕವಿ ಆ ಜಾಗವನ್ನು ದಾಟಿದ್ದೂ ನಿಜ. ಆದರೆ ಗೀತೆ ಹುಟ್ಟಿದ್ದು ಅಲ್ಲಿಯೇ ಎಂಬ ಮಾತಿಗೆ ಎದುರಾಗಿ ಬಲವಾದ ಸಾಕ್ಷ್ಯವಿದೆ.

ಕವಿಯ ಹೆಸರು ಹೊರೇಶಿಯೋ ಗೇಟ್ಸ್ ಸ್ಪ್ಯಾಫರ್ಡ್. 1828ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಅವರು ಶಿಕಾಗೋದಲ್ಲಿ ವಕೀಲರಾಗಿದ್ದರು. ಪ್ರೆಸ್ಬಿಟೇರಿಯನ್ ಸಭೆಯ ಹಿರಿಯರೂ, ಪ್ರಸಿದ್ಧ ಸುವಾರ್ತಿಕರಾದ ಡಿ. ಎಲ್. ಮೂಡಿಯವರ ಆಪ್ತರೂ ಆಗಿದ್ದರು. ಪತ್ನಿ ಅನ್ನಾ ನಾರ್ವೆ ದೇಶದಲ್ಲಿ ಹುಟ್ಟಿದವರು. 1871ರ ಅಕ್ಟೋಬರಿನಲ್ಲಿ ಶಿಕಾಗೋ ನಗರವನ್ನು ಸುಟ್ಟ ಮಹಾ ಬೆಂಕಿಯು, ಜಮೀನು ಮತ್ತು ಕಟ್ಟಡಗಳ ಮೇಲೆ ಹಣ ಹೂಡಿದ್ದ ಸ್ಪ್ಯಾಫರ್ಡರಿಗೆ ಭಾರಿ ನಷ್ಟವನ್ನುಂಟುಮಾಡಿತು.

ಎರಡು ವರ್ಷಗಳ ನಂತರ ಕುಟುಂಬವೆಲ್ಲ ಯುರೋಪಿಗೆ ಹೊರಟಾಗ, ಕೊನೆಯ ಗಳಿಗೆಯಲ್ಲಿ ವ್ಯವಹಾರದ ಕೆಲಸವೊಂದು ಬಂದದ್ದರಿಂದ ಅವರು ಹಿಂದೆ ಉಳಿದು, ಪತ್ನಿಯನ್ನೂ ಆ್ಯನಿ, ಮ್ಯಾಗಿ, ಬೆಸ್ಸಿ, ತನೆಟ್ಟಾ ಎಂಬ ನಾಲ್ವರು ಹೆಣ್ಣುಮಕ್ಕಳನ್ನೂ 'ವಿಲ್ ದ್ಯು ಆವ್ರ್' ಎಂಬ ಫ್ರೆಂಚ್ ಉಗಿಹಡಗಿನಲ್ಲಿ ಮುಂದಾಗಿ ಕಳುಹಿಸಿದರು. 1873ರ ನವೆಂಬರ್ 22ರ ನಸುಕಿನಲ್ಲಿ, ಅಟ್ಲಾಂಟಿಕ್ ಸಾಗರದ ನಡುವೆ, ಆ ಹಡಗು 'ಲಾಕ್ ಅರ್ನ್' ಎಂಬ ಕಬ್ಬಿಣದ ಹಾಯಿಹಡಗಿಗೆ ಡಿಕ್ಕಿಯಾಗಿ ಸುಮಾರು ಹನ್ನೆರಡು ನಿಮಿಷಗಳಲ್ಲಿ ಮುಳುಗಿತು. 226 ಜನ ಸತ್ತರು. ನಾಲ್ವರು ಮಕ್ಕಳೂ ನೀರುಪಾಲಾದರು. ಪ್ರಜ್ಞೆ ತಪ್ಪಿ ತೇಲುತ್ತಿದ್ದ ಅನ್ನಾ ಅವರನ್ನು ಮಾತ್ರ ಮೇಲೆತ್ತಲಾಯಿತು. ಬದುಕುಳಿದವರನ್ನು ವೇಲ್ಸ್‌ನ ಕಾರ್ಡಿಫ್ ಬಂದರಿಗೆ ತಲುಪಿಸಲಾಯಿತು. ತಾನೊಬ್ಬಳೇ ಉಳಿದೆನೆಂದು ಅನ್ನಾ ಅಲ್ಲಿಂದ ಗಂಡನಿಗೆ ತಂತಿ ಕಳುಹಿಸಿದರು.

ಪತ್ನಿಯನ್ನು ಕರೆತರಲು ಸ್ಪ್ಯಾಫರ್ಡ್ ಕೂಡಲೇ ಹಡಗು ಹತ್ತಿದರು. ಆ ಪ್ರಯಾಣದಲ್ಲಿ ಅವರು ಅನ್ನಾ ಅವರ ಸೋದರಿಗೆ ಬರೆದ ಕಾಗದದಲ್ಲಿ, ಮಕ್ಕಳ ಹಡಗು ಮುಳುಗಿದ ಜಾಗವನ್ನು ದಾಟಿದೆವೆಂದೂ, ಅಲ್ಲಿ ನೀರು ಮೂರು ಮೈಲಿ ಆಳವೆಂದೂ, ಆದರೆ ಮಕ್ಕಳು ಆ ಆಳದಲ್ಲಿದ್ದಾರೆಂದು ತಾನು ನೆನೆಯುವುದಿಲ್ಲವೆಂದೂ, ಅವರು ಕುರಿಮರಿಗಳಂತೆ ಸುರಕ್ಷಿತವಾಗಿ ಹಟ್ಟಿ ಸೇರಿದ್ದಾರೆಂದೂ ಹೇಳಿದ್ದಾರೆ. ಅದೇ ರಾತ್ರಿ ಗೀತೆಯನ್ನೂ ಬರೆದರೆಂಬ ಕಥೆ ಮುಖ್ಯವಾಗಿ, ದುರಂತದ ನಂತರ ಹುಟ್ಟಿದ ಅವರ ಮಗಳು ಬರ್ತಾ ಸ್ಪ್ಯಾಫರ್ಡ್ ವೆಸ್ಟರ್ 1950ರಲ್ಲಿ ಪ್ರಕಟಿಸಿದ ನೆನಪುಗಳ ಪುಸ್ತಕದಿಂದ ಹರಡಿತು. ಮನೆಯಲ್ಲಿ ಕೇಳುತ್ತ ಬೆಳೆದದ್ದನ್ನು ಆಕೆ ಬರೆದಿದ್ದಾರೆಯೇ ಹೊರತು ಕಂಡದ್ದನ್ನಲ್ಲ.

ಮೂಡಿಯವರ ಸಂಗಡಿಗರೂ ಗಾಯಕರೂ ಆದ ಐರಾ ಸ್ಯಾಂಕಿ ಬೇರೆಯೇ ಮಾತು ಹೇಳುತ್ತಾರೆ. 1876ರಲ್ಲಿ ತಾವು ಶಿಕಾಗೋಗೆ ಮರಳಿ ಕೆಲವು ವಾರ ಸ್ಪ್ಯಾಫರ್ಡರ ಮನೆಯಲ್ಲಿ ಅತಿಥಿಯಾಗಿದ್ದಾಗ, ಸತ್ತ ಮಕ್ಕಳ ನೆನಪಿಗಾಗಿ ಅವರು ಈ ಗೀತೆಯನ್ನು ರಚಿಸಿದರೆಂಬುದು ಸ್ಯಾಂಕಿಯವರ ಹೇಳಿಕೆ. ಸ್ಪ್ಯಾಫರ್ಡರ ಕೈಬರಹದ ಪ್ರತಿ ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದ್ದು, ಅದು ಶಿಕಾಗೋದ ಹೋಟೆಲೊಂದರ ಹೆಸರು ಅಚ್ಚಾದ ಕಾಗದದ ಮೇಲಿದೆ. ಮೊದಲ ಸಾಲುಗಳು ಹಡಗಿನಲ್ಲೇ ಹೊಳೆದಿರಲಾರವೆಂದು ಖಂಡಿತವಾಗಿ ಹೇಳುವಂತಿಲ್ಲವಾದರೂ, ಆ ಮನೆಯಲ್ಲೇ ಉಳಿದಿದ್ದ ಸ್ಯಾಂಕಿಯವರ ಮಾತೇ ನನಗೆ ಹೆಚ್ಚು ನಂಬಲರ್ಹವಾಗಿ ತೋರುತ್ತದೆ. ಹಾಗೆ ನಂಬಿದರೆ ಗೀತೆಯ ಬೆಲೆ ಕುಗ್ಗುವುದಿಲ್ಲ. ಆಘಾತದ ಮೊದಲ ದಿನಗಳಲ್ಲಿ ಮನುಷ್ಯನಿಗೆ ಏನೋ ಒಂದು ಬಲ ಬರುವುದುಂಟು. ಆ ಬಲ ಇಳಿದ ಮೇಲೆ, ಮಕ್ಕಳಿಲ್ಲದ ಮನೆಯಲ್ಲಿ ಹಲವು ಸಲ ಬೆಳಗು ಬೈಗು ಕಂಡ ಮೇಲೆಯೂ, ನನ್ನ ಆತ್ಮ ನೆಮ್ಮದಿಯಲ್ಲಿದೆಯೆಂದು ಬರೆಯುವುದು ಬಹಳ ಕಠಿಣವಾದ ಕೆಲಸ.

ಗೀತೆಯನ್ನು ಪೂರ್ತಿ ಓದಿದವರು ಇನ್ನೊಂದು ಸಂಗತಿಯನ್ನು ಗಮನಿಸಬಹುದು. ದುಃಖವು ಕಡಲ ತೆರೆಗಳಂತೆ ಉರುಳಿ ಬಂದರೂ ಎಂಬ ಮಾತು ಮೊದಲ ಚರಣದಲ್ಲಿದೆ. ಅದನ್ನು ಬಿಟ್ಟರೆ ಹಡಗಾಗಲಿ ಮಕ್ಕಳಾಗಲಿ ಎಲ್ಲಿಯೂ ಬರುವುದಿಲ್ಲ. ನಡುವಿನ ಚರಣಗಳು ತನ್ನ ಪಾಪವೆಲ್ಲವೂ ಶಿಲುಬೆಗೆ ಜಡಿಯಲ್ಪಟ್ಟಿದೆಯೆಂದು ಹರ್ಷಿಸುತ್ತವೆ, ಕೊನೆಯ ಚರಣವು ಕ್ರಿಸ್ತನ ಪುನರಾಗಮನವನ್ನು ಬೇಗ ಬರಲೆಂದು ಬೇಡುತ್ತದೆ. ಸತ್ತ ಮಗುವನ್ನು ಮನೆಯಲ್ಲಿ ಮಲಗಿಸಿ ಎಲೀಷನ ಬಳಿಗೆ ಬಂದು, ಎಲ್ಲರೂ ಕ್ಷೇಮವೇ ಎಂಬ ಪ್ರಶ್ನೆಗೆ ಕ್ಷೇಮವೆಂದೇ ಉತ್ತರಿಸಿದ ಶೂನೇಮಿನ ತಾಯಿಯ ಕಥೆ (ಅರಸುಗಳು ಎರಡನೆಯ ಭಾಗ, 4ನೇ ಅಧ್ಯಾಯ) ಬೈಬಲ್ ಬಲ್ಲವರಿಗೆ ಇಲ್ಲಿ ನೆನಪಾಗದೆ ಇರದು.

ಪ್ರಶ್ನೆ: ಇದಕ್ಕೆ ರಾಗ ಹಾಕಿದವರು ಯಾರು?
– ಗಾಯನ ವೃಂದದ ಸದಸ್ಯರೊಬ್ಬರು, ಮಂಗಳೂರು

ಉತ್ತರ: ಫಿಲಿಪ್ ಪಿ. ಬ್ಲಿಸ್. 1876ರ ನವೆಂಬರಿನಲ್ಲಿ ಶಿಕಾಗೋದ ಫಾರ್‌ವೆಲ್ ಹಾಲಿನಲ್ಲಿ ನಡೆದ ಸಭೆಯೊಂದರಲ್ಲಿ ಅವರೇ ಅದನ್ನು ಮೊದಲ ಬಾರಿಗೆ ಹಾಡಿದರು. ಮುಳುಗಿದ ಹಡಗಿನ ಹೆಸರನ್ನೇ ಈ ರಾಗಕ್ಕೆ ಇಡಲಾಗಿದೆ. ಅದೇ ವರ್ಷದ ಡಿಸೆಂಬರ್ 29ರಂದು ಓಹಾಯೋದ ಆಷ್ಟಬ್ಯುಲಾದಲ್ಲಿ ಸೇತುವೆ ಕುಸಿದು ರೈಲು ಉರುಳಿದಾಗ ಬ್ಲಿಸ್ ಮತ್ತು ಅವರ ಪತ್ನಿ ಇಬ್ಬರೂ ತೀರಿಕೊಂಡರು. ಬ್ಲಿಸ್ ಅವರಿಗೆ ಆಗ 38 ವರ್ಷ.

ಪ್ರಶ್ನೆ: ಸ್ಪ್ಯಾಫರ್ಡ್ ದಂಪತಿಗಳು ಮುಂದೆ ಏನಾದರು?
– ಓದುಗರೊಬ್ಬರು, ಧಾರವಾಡ

ಉತ್ತರ: ಅವರಿಗೆ ಮತ್ತೆ ಒಬ್ಬ ಮಗನೂ ಇಬ್ಬರು ಹೆಣ್ಣುಮಕ್ಕಳೂ ಹುಟ್ಟಿದರು, ಮಗನು 1880ರಲ್ಲಿ ಕಡುಜ್ವರದಿಂದ ಎಳೆವಯಸ್ಸಿನಲ್ಲೇ ತೀರಿಕೊಂಡ. ಇಷ್ಟೊಂದು ಸಾವುಗಳು ದೇವರು ಕೊಟ್ಟ ಶಿಕ್ಷೆಯಿರಬೇಕೆಂಬ ಮಾತು ಸುತ್ತಲಿನವರಿಂದ ಬಂದಾಗ, ನಿತ್ಯನರಕದ ಬೋಧನೆಯನ್ನು ಒಪ್ಪದಿದ್ದ ಸ್ಪ್ಯಾಫರ್ಡರಿಗೂ ಅವರ ಸಭೆಗೂ ನಡುವೆ ಬಿರುಕು ದೊಡ್ಡದಾಯಿತು. ಪಾಪಕ್ಷಮೆಯ ಚರಣಗಳನ್ನು ಈ ಹಿನ್ನೆಲೆಯಲ್ಲಿಟ್ಟು ಓದಿದರೆ ಅವುಗಳ ತೀವ್ರತೆ ಇನ್ನಷ್ಟು ತಿಳಿಯುತ್ತದೆ.

1881ರಲ್ಲಿ ಅವರು ಕೆಲವು ಸಂಗಡಿಗರೊಡನೆ ಆಗ ಆಟೊಮನ್ ಆಳ್ವಿಕೆಯಲ್ಲಿದ್ದ ಜೆರೂಸಲೇಮಿಗೆ ಹೋಗಿ ನೆಲೆಸಿದರು. ಕ್ರಿಸ್ತನು ಹಿಂದಿರುಗಿ ಬರುವುದು ಅಲ್ಲಿಗೇ ಎಂಬ ನಂಬಿಕೆ ಅವರನ್ನು ಕರೆದೊಯ್ದಿತ್ತು. ಗೀತೆಯ ಕೊನೆಯ ಚರಣದಲ್ಲಿ ಬೇಡಿದ್ದನ್ನೇ ಅವರು ಬದುಕಿನಲ್ಲೂ ಹಿಂಬಾಲಿಸಿದರು. 'ಅಮೆರಿಕನ್ ಕಾಲೊನಿ' ಎಂದು ಹೆಸರಾದ ಈ ಗುಂಪು ಆಸ್ತಿಯನ್ನು ಸಾಮೂಹಿಕವಾಗಿಟ್ಟುಕೊಂಡು, ನೆರೆಯ ಮುಸ್ಲಿಮ್, ಯೆಹೂದಿ, ಕ್ರೈಸ್ತರೆಂಬ ಭೇದವಿಲ್ಲದೆ ರೋಗಿಗಳ ಮತ್ತು ಬಡವರ ಸೇವೆ ಮಾಡಿತು. ಸ್ಪ್ಯಾಫರ್ಡ್ 1888ರಲ್ಲಿ ಮಲೇರಿಯಾದಿಂದ ಅಲ್ಲಿಯೇ ತೀರಿಕೊಂಡರು. ಅನ್ನಾ 1923ರವರೆಗೆ ಬದುಕಿದ್ದು ಕಾಲೊನಿಯನ್ನು ಮುನ್ನಡೆಸಿದರು. ಮಗಳು ಬರ್ತಾ 1925ರಲ್ಲಿ ಹಳೆಯ ಜೆರೂಸಲೇಮಿನಲ್ಲಿ ಆರಂಭಿಸಿದ ಶಿಶುಪಾಲನಾ ಮನೆಯು ಮುಂದೆ 'ಸ್ಪ್ಯಾಫರ್ಡ್ ಮಕ್ಕಳ ಕೇಂದ್ರ'ವಾಗಿ ಬೆಳೆಯಿತು.