ತೋಳಕ್ಕೆ ಪಾರ್ಲಿಮೆಂಟ್ ಇರಲಿಲ್ಲ

ಮಳವಳ್ಳಿಯ ಓದುಗರೊಬ್ಬರು ನಮ್ಮ ಇರಾಕ್ ಲೇಖನ ಓದಿ ಸಿಟ್ಟಿನಲ್ಲಿ ಪತ್ರ ಬರೆದಿದ್ದಾರೆ. ಅವರ ಮಾತಿನ ಸಾರ ಇಷ್ಟು: 2003ರಲ್ಲಿ ಅಮೆರಿಕ ಇರಾಕಿಗೆ ನುಗ್ಗಿದ್ದು ಎಣ್ಣೆಗೆ, ತೋಳ ಕುರಿಮರಿಗೆ "ನೀರು ಕದಡಿದೆ" ಅಂದ ಕಥೆ ಇದು, ಇದಕ್ಕೆ ಐದು ಪುಟ ಯಾಕೆ? ಕೊನೆಯಲ್ಲಿ ಇನ್ನೊಂದು ಪ್ರಶ್ನೆ: ಸುಳ್ಳು ಹೇಳಿದವರಿಗೆ ಏನಾಯ್ತು?

ಸ್ವಾಮಿ, ಐದು ಪುಟ ಜಾಸ್ತಿಯೇ ಆಯ್ತು, ಒಪ್ಪಿಕೊಂಡೆ. ಆದರೆ ತೋಳದ ಕಥೆ ಇಲ್ಲಿ ಪೂರ್ತಿ ಹೊಂದುವುದಿಲ್ಲ. ತೋಳ ನೆಪ ಹೇಳಿದ್ದು ಕುರಿಮರಿಗೆ. ಸರ್ಕಾರಗಳು ನೆಪ ಹೇಳುವುದು ತಮ್ಮ ಮನೆಯವರಿಗೆ. ತೋಳಕ್ಕೆ ಪಾರ್ಲಿಮೆಂಟ್ ಇರಲಿಲ್ಲ, ಅಲ್ವಾ?

ನಿಮ್ಮೂರಿನಿಂದಲೇ ಶುರು ಮಾಡೋಣ. 1799ರ ಮಾರ್ಚ್ 27ರಂದು ಈಸ್ಟ್ ಇಂಡಿಯಾ ಕಂಪನಿ ಸೈನ್ಯವೂ ಟಿಪ್ಪು ಸೈನ್ಯವೂ ಕಾದಾಡಿದ್ದು ಮಳವಳ್ಳಿಯ ಬಯಲಿನಲ್ಲಿ. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿ ಕೊಟ್ಟ ಕಾರಣ, ಟಿಪ್ಪು ಫ್ರೆಂಚರ ಜೊತೆ ಸೇರಿ ಸಂಚು ಮಾಡುತ್ತಿದ್ದಾನೆ ಅಂತ. ಅದು ಪೂರ್ತಿ ಸುಳ್ಳೇನಲ್ಲ. ಟಿಪ್ಪು ಮಾರಿಷಸ್ಸಿಗೆ ಗುಟ್ಟಾಗಿ ದೂತರನ್ನು ಕಳಿಸಿದ್ದ. ಅಲ್ಲಿನ ಫ್ರೆಂಚ್ ಗವರ್ನರ್ ಮಲಾರ್ಟಿಕ್ 1798ರ ಜನವರಿಯಲ್ಲಿ ಆ ಗುಟ್ಟನ್ನು ಘೋಷಣಾಪತ್ರ ಮಾಡಿ ಊರಿಗೆಲ್ಲ ಡಂಗುರ ಹೊಡೆದುಬಿಟ್ಟ. ಇಷ್ಟೆಲ್ಲ ಆಗಿ ಮಂಗಳೂರಿನಲ್ಲಿ ಬಂದಿಳಿದವರು ಸುಮಾರು ನೂರು ಜನ. ನೂರೇ ಜನ! (ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅನ್ನುವ ಜಗಳಕ್ಕೆ ಈ ಅಂಕಣದಲ್ಲಿ ಜಾಗ ಇಲ್ಲ. ದಯವಿಟ್ಟು ಆ ಪತ್ರ ಬರೆಯಬೇಡಿ.)

ನಿಜವಾದ ಹೆದರಿಕೆ ನೆಪೋಲಿಯನ್‌ದು. ಅವನು ಆಗ ಈಜಿಪ್ಟಿನಲ್ಲಿದ್ದ. ಆದರೆ 1798ರ ಆಗಸ್ಟ್‌ನಲ್ಲೇ ಬ್ರಿಟಿಷ್ ನೌಕಾಪಡೆಯ ನೆಲ್ಸನ್ ಅವನ ಹಡಗುಪಡೆಯನ್ನು ನೈಲ್ ನದಿಯ ಮುಖದ ಹತ್ತಿರ ನಾಶ ಮಾಡಿದ್ದ, ಅಕ್ಟೋಬರ್ ಮುಗಿಯುವ ಹೊತ್ತಿಗೆ ಆ ಸುದ್ದಿ ಕಲ್ಕತ್ತೆಗೂ ಬಂದಿತ್ತು, ಹೈದರಾಬಾದ್ ನಿಜಾಮನ ಹತ್ತಿರ ಇದ್ದ ಫ್ರೆಂಚ್ ಪಡೆಯನ್ನೂ ಅದೇ ತಿಂಗಳು ನಿಶ್ಶಸ್ತ್ರ ಮಾಡಿ ಆಗಿತ್ತು. ಹೆದರಿಕೆ ಮುಕ್ಕಾಲು ಪಾಲು ಹೋಯಿತು. ಯುದ್ಧ ಮಾತ್ರ ನಿಲ್ಲಲಿಲ್ಲ.

ಹಾಗಾದರೆ ಫ್ರೆಂಚರ ಮಾತು ಯಾಕೆ ಬೇಕಿತ್ತು? ಯಾಕೆಂದರೆ 1784ರ ಪಿಟ್ಸ್ ಇಂಡಿಯಾ ಕಾಯ್ದೆಯಲ್ಲಿ ಲಂಡನ್ನಿನ ಪಾರ್ಲಿಮೆಂಟೇ ಬರೆದಿಟ್ಟಿತ್ತು, ಭಾರತದಲ್ಲಿ ರಾಜ್ಯ ಗೆದ್ದು ಬೆಳೆಸಿಕೊಳ್ಳುವುದು ನಮ್ಮ ದೇಶಕ್ಕೆ ತಕ್ಕದ್ದಲ್ಲ ಅಂತ. "ಕರಾವಳಿ ಬೇಕು, ಮೈಸೂರಿನ ಕಾಟ ಮುಗಿಯಬೇಕು" ಅಂದರೆ ಅಲ್ಲಿ ನಡೆಯುವುದಿಲ್ಲ. "ನಮ್ಮ ಮೇಲೆ ಬೀಳುವವರಿದ್ದರು, ನಾವೇ ಮೊದಲು ಹೋದೆವು" ಅಂದರೆ ನಡೆಯುತ್ತದೆ. ಗೆದ್ದಮೇಲೆ ಕರಾವಳಿ ಕಂಪನಿಗೆ ಬಂತು, ಸಿಂಹಾಸನದ ಮೇಲೆ ಐದು ವರ್ಷದ ಹುಡುಗ ಕೂತ.

ಈಗ ಇರಾಕ್. ಅಮೆರಿಕ ಕೊಟ್ಟ ಕಾರಣ, ಅಲ್ಲಿನ ಅಧ್ಯಕ್ಷ ಸದ್ದಾಂ ಹತ್ತಿರ ಸಮೂಹ ನಾಶಕ ಅಸ್ತ್ರಗಳ ದಾಸ್ತಾನು ಇದೆ ಅಂತ. ಸದ್ದಾಂ 1988ರಲ್ಲಿ ಹಲಬ್ಜಾದ ಕುರ್ದ್ ಜನರ ಮೇಲೆ ವಿಷಾನಿಲ ಬಿಟ್ಟವನು, ಅಸ್ತ್ರಗಳ ತಪಾಸಣೆಯವರನ್ನು ವರ್ಷಗಟ್ಟಲೆ ಸತಾಯಿಸಿದವನು. ಅಂದರೆ ಇಲ್ಲೂ ಸುಳ್ಳಿನ ಒಳಗೆ ಒಂದು ಚೂರು ನಿಜ ಇತ್ತು. ಆದರೆ 2002ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ತಪಾಸಣೆಯವರು ವಾಪಸ್ ಹೋದರು. ಹುಡುಕಿದರು. ಹೇಳಿದಂಥ ದಾಸ್ತಾನು ಸಿಗಲಿಲ್ಲ. ಅವರ ಮುಖ್ಯಸ್ಥ ಹಾನ್ಸ್ ಬ್ಲಿಕ್ಸ್ ಇನ್ನೂ ಕೆಲವು ತಿಂಗಳು ಕೇಳಿದರು. ಸಿಕ್ಕಿದ್ದು ಹೊರಡಿ ಅನ್ನುವ ಸೂಚನೆ. ಮಾರ್ಚ್ 20ಕ್ಕೆ ಯುದ್ಧ ಶುರು. ಹೆದರಿಕೆ ನಿಜವೋ ಅಲ್ಲವೋ ನೋಡೋಣ ಅನ್ನುವವರು ನೋಡುವವರನ್ನೇ ಎಬ್ಬಿಸಿ ಕಳಿಸುತ್ತಾರಾ? ಅಮೆರಿಕದ ಉಪ ರಕ್ಷಣಾ ಸಚಿವ ವುಲ್ಫೊವಿಟ್ಜ್ ಆಮೇಲೆ ಒಂದು ಸಂದರ್ಶನದಲ್ಲಿ ಬಾಯಿಬಿಟ್ಟರು: ಕಾರಣಗಳು ಹಲವು ಇದ್ದವು, ಸಮೂಹ ನಾಶಕ ಅಸ್ತ್ರದ ಕಾರಣಕ್ಕೆ ಮಾತ್ರ ಎಲ್ಲರೂ ಒಪ್ಪುತ್ತಿದ್ದರು ಅಂತ.

ಮನೆಯೊಳಗಿನ ಲೆಕ್ಕ ನೋಡಿ. ಅಮೆರಿಕದ ಸಂಸತ್ತು ಯುದ್ಧಕ್ಕೆ ಒಪ್ಪಿಗೆ ಕೊಟ್ಟದ್ದು 2002ರ ಅಕ್ಟೋಬರ್‌ನಲ್ಲಿ, ಅಂದರೆ ಸಂಸತ್ತಿನ ಮುಂದಿನ ಚುನಾವಣೆಗೆ ಒಂದು ತಿಂಗಳೂ ಇರಲಿಲ್ಲ. ಅವಳಿ ಗೋಪುರ ಉರುಳಿ ಇನ್ನೂ ವರ್ಷ ಕಳೆದಿತ್ತಷ್ಟೇ. 1991ರ ಕೊಲ್ಲಿ ಯುದ್ಧಕ್ಕೆ ಬೇಡ ಅಂದಿದ್ದ ಡೆಮಾಕ್ರಟಿಕ್ ಪಕ್ಷದವರು ಆ ಯುದ್ಧ ಬೇಗ ಗೆದ್ದದ್ದನ್ನು ನೋಡಿ ಪೆಚ್ಚಾಗಿದ್ದರು. ಈ ಸಲ ಮುಂದೆ ಅಧ್ಯಕ್ಷ ಆಗಬೇಕು ಅಂತ ಕನಸಿದ್ದ ಹಲವರು, ಕೆರಿ, ಹಿಲರಿ, ಬೈಡನ್, "ಹೌದು" ಅಂತಲೇ ಮತ ಹಾಕಿದರು. ಸೆನೆಟ್‌ನಲ್ಲಿ 77ಕ್ಕೆ 23.

ಎಣ್ಣೆ ಲೆಕ್ಕಕ್ಕೇ ಇಲ್ವಾ? ಇದೆ. (ಎಣ್ಣೆ ಅಂದರೆ ಮಂಡ್ಯದ ಅರ್ಥದಲ್ಲಿ ಅಲ್ಲ.) ಇರಾಕ್ ಬರೀ ಖರ್ಜೂರ ಬೆಳೆಯುತ್ತಿದ್ದರೆ ವಾಷಿಂಗ್ಟನ್ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ 2009ರ ಹರಾಜಿನಲ್ಲಿ ದೊಡ್ಡ ರುಮೈಲಾ ಎಣ್ಣೆಕ್ಷೇತ್ರ ಸಿಕ್ಕಿದ್ದು ಬ್ರಿಟನ್ನಿನ ಬಿಪಿ ಮತ್ತು ಚೀನಾದ ಸರ್ಕಾರಿ ಕಂಪನಿಗೆ. ಬರೀ ಎಣ್ಣೆಗೇ ಹೋದವರು ಇಷ್ಟು ಕೆಟ್ಟ ವ್ಯಾಪಾರ ಮಾಡುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ.

ಕೊನೆಯ ಪ್ರಶ್ನೆ, ಏನಾಯ್ತು ಅಂತ. ಅಸ್ತ್ರದ ದಾಸ್ತಾನು ಇರಲೇ ಇಲ್ಲ ಅಂತ ಅಮೆರಿಕದ್ದೇ ತಂಡ 2004ರ ಶರತ್ಕಾಲದಲ್ಲಿ ವರದಿ ಕೊಟ್ಟಿತು. ನವೆಂಬರ್‌ನಲ್ಲಿ ಬುಷ್ ಮತ್ತೆ ಗೆದ್ದರು. ಮುಂದಿನ ವರ್ಷ, ಯುದ್ಧಕ್ಕೆ ಜೊತೆಗೂಡಿದ್ದ ಬ್ರಿಟನ್ನಿನ ಪ್ರಧಾನಿ ಬ್ಲೇರ್ ಕೂಡ. ವೆಲ್ಲೆಸ್ಲಿಗೆ ಮಾರ್ಕ್ವೆಸ್ ಅನ್ನುವ ದೊಡ್ಡ ಬಿರುದು ಬಂತು. ಅದು ಐರ್ಲೆಂಡಿನ ಬಿರುದು, ಬ್ರಿಟನ್ನಿನದ್ದಲ್ಲ ಅಂತ ಮುನಿಸಿಕೊಂಡು, ಚಿನ್ನದ ನೀರು ಹಾಕಿದ ಆಲೂಗಡ್ಡೆ ಅಂತ ಗೊಣಗಿದ. ಟಿಪ್ಪುವಿನ ಹತ್ತಿರವೇ ಕೆಲಸ ಮಾಡಿದ್ದ ಪೂರ್ಣಯ್ಯ ದಿವಾನರಾಗಿ 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿ ವೆಲ್ಲೆಸ್ಲಿಯ ಹೆಸರೇ ಇಟ್ಟರು. ಆ ಕಡೆ ಹೋದಾಗ ನೋಡಿ, ಇವತ್ತಿಗೂ ಅದು ವೆಲ್ಲೆಸ್ಲಿ ಸೇತುವೆಯೇ.