ಬಾಂಬ್ ಇಟ್ಟವರು ಹೊರಗೆ, ಬೆನ್ನಟ್ಟಿದವರು ಕಟಕಟೆಯಲ್ಲಿ

ಅಮೆರಿಕದ ‘ವೆದರ್ ಅಂಡರ್‌ಗ್ರೌಂಡ್’ ಬಗ್ಗೆ ಓದುಗರು ಸಾಕಷ್ಟು ಪ್ರಶ್ನೆ ಕಳಿಸಿದ್ದಾರೆ. 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧ ವಿರೋಧಿಸಿ ಸರ್ಕಾರಿ ಕಟ್ಟಡಗಳಿಗೆ ಬಾಂಬ್ ಇಟ್ಟು, ವರ್ಷಗಟ್ಟಲೆ ತಲೆಮರೆಸಿಕೊಂಡು ಬದುಕಿದ ಯುವಕ ಯುವತಿಯರ ಗುಂಪು ಅದು. ಅವರ ಬೆನ್ನು ಬಿದ್ದದ್ದು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ. ಆ ಬೇಟೆಯಲ್ಲಿ ವಾರಂಟ್ ಇಲ್ಲದೆ ಮನೆಗಳಿಗೆ ನುಗ್ಗಿದ್ದಕ್ಕೆ ಅದರ ಅಧಿಕಾರಿಗಳೇ ಕೊನೆಗೆ ಕಟಕಟೆ ಹತ್ತಿದರು. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇನೆ.

ಪ್ರಶ್ನೆ: ಸರ್, ಅಮೆರಿಕದ ಸಂಸತ್ ಭವನಕ್ಕೆ, ಪೆಂಟಗನ್‌ಗೆ ಬಾಂಬ್ ಇಟ್ಟವರಿಗೆ ಶಿಕ್ಷೆಯೇ ಆಗಲಿಲ್ಲ ಅಂತಾರೆ. ಇದು ನಿಜವಾ? ಹೇಗೆ ಸಾಧ್ಯ?

ಉತ್ತರ: ನಿಜ. 1971ರ ಮಾರ್ಚ್ 1ರಂದು ಸಂಸತ್ ಭವನದಲ್ಲಿ, 1972ರ ಮೇ 19ರಂದು ರಕ್ಷಣಾ ಇಲಾಖೆಯ ಮುಖ್ಯ ಕಚೇರಿ ಪೆಂಟಗನ್‌ನಲ್ಲಿ ಬಾಂಬ್ ಸಿಡಿಯಿತು. ಎರಡೂ ಕಡೆ ಮೊದಲೇ ಫೋನ್ ಮಾಡಿ ಎಚ್ಚರಿಸಿದ್ದರು, ಯಾರೂ ಸಾಯಲಿಲ್ಲ. ಈ ಎರಡು ಸ್ಫೋಟಗಳಿಗೆ ಇವತ್ತಿನವರೆಗೂ ಯಾರಿಗೂ ಶಿಕ್ಷೆ ಆಗಿಲ್ಲ. ಬೇರೆ ಕೇಸುಗಳು ಇದ್ದವು. 1970ರಲ್ಲೇ ಷಿಕಾಗೊ ಮತ್ತು ಡೆಟ್ರಾಯಿಟ್‌ನಲ್ಲಿ ಗುಂಪಿನ ಮುಖಂಡರ ಮೇಲೆ ಫೆಡರಲ್ ಆರೋಪಗಳು ದಾಖಲಾಗಿದ್ದವು. ಆದರೆ 1973ರ ಅಕ್ಟೋಬರ್‌ನಲ್ಲಿ ಡೆಟ್ರಾಯಿಟ್ ಕೇಸನ್ನು, 1974ರ ಜನವರಿಯಲ್ಲಿ ಷಿಕಾಗೊ ಕೇಸನ್ನು ಸರ್ಕಾರ ತಾನಾಗಿಯೇ ಕೈಬಿಟ್ಟಿತು.

ಕಾರಣ ಏನು ಗೊತ್ತಾ? ಸಾಕ್ಷ್ಯ ಹುಡುಕಿದ ದಾರಿಯನ್ನು ಕೋರ್ಟಿನ ಮುಂದೆ ಹೇಳುವ ಹಾಗಿರಲಿಲ್ಲ. 1972ರ ಜೂನ್ 19ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಸಿಐಎ ಕಚೇರಿಗೆ ಬಾಂಬ್ ಇಟ್ಟ ಬೇರೊಂದು ಗುಂಪಿನ ಕೇಸದು. ದೇಶದ ಭದ್ರತೆಯ ಹೆಸರು ಹೇಳಿ ದೇಶದೊಳಗಿನ ಜನರ ಫೋನ್‌ಗಳನ್ನು ವಾರಂಟ್ ಇಲ್ಲದೆ ಕದ್ದು ಕೇಳುವ ಅಧಿಕಾರ ಅಧ್ಯಕ್ಷರಿಗೂ ಇಲ್ಲ ಎಂದು ವಿಚಾರಣೆಯಲ್ಲಿದ್ದ ಎಂಟೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದರು. ಇನ್ನು ಸರ್ಕಾರಕ್ಕೆ ಉಳಿದದ್ದು ಎರಡೇ ದಾರಿ. ಕದ್ದು ಕೇಳಿದ್ದನ್ನೆಲ್ಲ ಆರೋಪಿಗಳ ವಕೀಲರ ಮುಂದೆ ಇಡಬೇಕು, ಇಲ್ಲವೇ ಕೇಸು ಬಿಡಬೇಕು. ಬಿಟ್ಟಿತು.

ಗುಂಪಿನ ಮುಖವಾಗಿದ್ದ ಬರ್ನಾರ್ಡಿನ್ ಡೋರ್ನ್ ಎಫ್‌ಬಿಐ ಅತಿ ಹೆಚ್ಚು ಹುಡುಕುತ್ತಿದ್ದ ‘ಹತ್ತು ಮಂದಿ’ಯ ಪಟ್ಟಿಯಲ್ಲಿದ್ದವರು. 1980ರ ಡಿಸೆಂಬರ್‌ನಲ್ಲಿ ಅವರು ಷಿಕಾಗೊದಲ್ಲಿ ಶರಣಾದಾಗ ಉಳಿದಿದ್ದದ್ದು ಹಳೇ ಬೀದಿ ಗಲಾಟೆಯ ಸ್ಥಳೀಯ ಆರೋಪಗಳಷ್ಟೇ. ಮೂರು ವರ್ಷ ಪ್ರೊಬೇಷನ್, 1,500 ಡಾಲರ್ ದಂಡ, ಅಷ್ಟೇ.

ಪ್ರಶ್ನೆ: ಅವರು ಯಾರನ್ನೂ ಕೊಂದಿಲ್ಲ, ಬರೀ ಕಟ್ಟಡಗಳಿಗೆ ಬಾಂಬ್ ಇಟ್ಟರು ಅಂತ ಎಲ್ಲರೂ ಬರೀತಾರೆ. ಹಾಗಾದರೆ ಅವರನ್ನು ಭಯೋತ್ಪಾದಕರು ಅನ್ನುವುದು ಸರಿಯಾ?

ಉತ್ತರ: ಈ ಮಾತನ್ನು ನಾನೂ ತುಂಬ ಸಲ ಕೇಳಿದ್ದೇನೆ, ಪ್ರತಿ ಸಲ ನನಗೆ 1970ರ ಮಾರ್ಚ್ 6 ನೆನಪಾಗುತ್ತದೆ. ಅವತ್ತು ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿ, ಪಶ್ಚಿಮ 11ನೇ ಬೀದಿಯ ಒಂದು ಮನೆ ಸಿಡಿದು ಕುಸಿಯಿತು. ನೆಲಮಾಳಿಗೆಯಲ್ಲಿ ಬಾಂಬ್ ತಯಾರಾಗುತ್ತಿತ್ತು. ಡಯಾನಾ ಔಟನ್, ಟೆಡ್ ಗೋಲ್ಡ್, ಟೆರ್ರಿ ರಾಬಿನ್ಸ್ ಎಂಬ ಗುಂಪಿನ ಮೂವರೇ ಸತ್ತರು, ಇಬ್ಬರು ಯುವತಿಯರು ಧೂಳಿನಲ್ಲಿ ಹೊರಗೆ ಓಡಿಬಂದು ಮರೆಯಾದರು. ಆ ಬಾಂಬ್ ಕಟ್ಟಡಕ್ಕೆ ಅಂತ ಮಾಡಿದ್ದಲ್ಲ. ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್ ಸೇನಾ ನೆಲೆಯಲ್ಲಿ ಕೆಳದರ್ಜೆ ಸೇನಾಧಿಕಾರಿಗಳ ನೃತ್ಯ ಕೂಟ ಇತ್ತು, ಅದಕ್ಕೆ ಮಾಡಿದ್ದು. ಅವರ ಜತೆ ಕುಣಿಯಲು ಬರುವ ಹೆಂಗಸರೂ ಅಲ್ಲಿ ಇರುತ್ತಿದ್ದರು. ಆ ರಾತ್ರಿ ಅಲ್ಲಿ ಹೆಣ ಬೀಳದೆ ಇದ್ದದ್ದು ತಂತಿ ತಪ್ಪಾಗಿ ಜೋಡಣೆಯಾದದ್ದರಿಂದ, ಅವರ ದಯೆಯಿಂದ ಅಲ್ಲ. ಆಮೇಲೆ ಅವರು ಜನ ಸಾಯದ ಹಾಗೆ ನೋಡಿಕೊಂಡರು ಅನ್ನುವುದೂ ನಿಜ. ಮೂವರು ಗೆಳೆಯರು ಸತ್ತ ಮೇಲೆ ಬಂದ ಬುದ್ಧಿ ಅದು.

ಇವರು ಹೀಗೆ ಆದದ್ದು ಒಂದೇ ದಿನದಲ್ಲಿ ಅಲ್ಲ. ಇವರೆಲ್ಲ ‘ಸ್ಟೂಡೆಂಟ್ಸ್ ಫಾರ್ ಎ ಡೆಮಾಕ್ರಟಿಕ್ ಸೊಸೈಟಿ’ ಎಂಬ ದೊಡ್ಡ ವಿದ್ಯಾರ್ಥಿ ಸಂಘಟನೆಯಿಂದ ಬಂದವರು. ಸಭೆ, ಮೆರವಣಿಗೆ ಎಲ್ಲ ಮಾಡಿ ನೋಡಿದ್ದರು, ಯುದ್ಧ ನಿಲ್ಲಲಿಲ್ಲ. 1969ರ ಜೂನ್‌ನಲ್ಲಿ ಷಿಕಾಗೊ ಸಮ್ಮೇಳನದಲ್ಲಿ ಸಂಘಟನೆ ಒಡೆಯಿತು, ಉಗ್ರರ ಬಣಕ್ಕೆ ಅದರ ಕಚೇರಿ ಸಿಕ್ಕಿತು. ಅದೇ ವರ್ಷ ಡಿಸೆಂಬರ್ 4ರ ಬೆಳಗಿನ ಜಾವ ಕಪ್ಪು ಜನರ ಉಗ್ರ ಹೋರಾಟದ ಸಂಘಟನೆ ‘ಬ್ಲ್ಯಾಕ್ ಪ್ಯಾಂಥರ್’ನ ನಾಯಕ ಫ್ರೆಡ್ ಹ್ಯಾಂಪ್ಟನ್ ಅವರನ್ನು ಷಿಕಾಗೊ ಪೊಲೀಸರು ಹಾಸಿಗೆಯಲ್ಲೇ ಗುಂಡಿಟ್ಟು ಕೊಂದರು. ಅವರಿಗೆ ಆಗ 21 ವರ್ಷ. ಮನೆಯ ನಕ್ಷೆ ಕೊಟ್ಟವನು ಪ್ಯಾಂಥರ್‌ಗಳ ನಡುವೆಯೇ ಇದ್ದ ಎಫ್‌ಬಿಐ ಮಾಹಿತಿದಾರ. ಇದನ್ನು ನೋಡಿದ ಹುಡುಗರಿಗೆ ಸರ್ಕಾರವೇ ಯುದ್ಧ ಸಾರಿದೆ ಅನಿಸಿತು. ಅನಿಸಿದ್ದಕ್ಕೆ ಕಾರಣ ಇತ್ತು, ಆದರೆ ನೃತ್ಯ ಕೂಟಕ್ಕೆ ಬಾಂಬ್ ಕಟ್ಟುವುದಕ್ಕೆ ಅದು ಸಮರ್ಥನೆ ಆಗುವುದಿಲ್ಲ.

ಪ್ರಶ್ನೆ: ಇಷ್ಟು ವರ್ಷ ಅಡಗಿದ್ದು ಹೇಗೆ? ಎಫ್‌ಬಿಐಗೆ ಒಬ್ಬ ಮಾಹಿತಿದಾರನೂ ಸಿಗಲಿಲ್ವಾ?

ಉತ್ತರ: ಸಿಕ್ಕಿದ್ದ. ಲ್ಯಾರಿ ಗ್ರಾತ್‌ವೊಲ್ ಎಂಬ ವಿಯೆಟ್ನಾಂನಿಂದ ಮರಳಿದ ಮಾಜಿ ಸೈನಿಕ ಒಳಗೆ ಸೇರಿಕೊಂಡಿದ್ದ. ಆದರೆ 1970ರ ಏಪ್ರಿಲ್‌ನಲ್ಲಿ ಎಫ್‌ಬಿಐ ಅವಸರ ಮಾಡಿ ನ್ಯೂಯಾರ್ಕಿನಲ್ಲಿ ಇಬ್ಬರನ್ನು ಬಂಧಿಸಿತು, ಅವನ ಗುಟ್ಟು ಅಲ್ಲಿಗೆ ರಟ್ಟಾಯಿತು. ಇನ್ನು ಅಡಗುವ ವಿಷಯ. ಆಗ ಜನನ ದಾಖಲೆ ಒಂದು ಕಡೆ, ಮರಣ ದಾಖಲೆ ಇನ್ನೊಂದು ಕಡೆ, ಎರಡನ್ನೂ ತಾಳೆ ನೋಡುವವರು ಇರಲಿಲ್ಲ. ಕೂಸಾಗಿದ್ದಾಗಲೇ ತೀರಿಕೊಂಡವರ ಹೆಸರಲ್ಲಿ ಇವರು ಗುರುತಿನ ಪತ್ರ ಮಾಡಿಸಿಕೊಂಡರು. ಅದಕ್ಕಿಂತ ಜಾಸ್ತಿ ನೆರವಾದದ್ದು ಜನ. ಯುದ್ಧದ ಮೇಲೆ ಸಿಟ್ಟಿದ್ದ ಎಷ್ಟೋ ಸಾಮಾನ್ಯರು ಪ್ರಶ್ನೆ ಕೇಳದೆ ಮನೆಯಲ್ಲಿ ಜಾಗ ಕೊಟ್ಟರು, ದುಡ್ಡು ಕೊಟ್ಟರು, ಏಜೆಂಟರು ಬಾಗಿಲು ತಟ್ಟಿದಾಗ ಬಾಯಿ ಬಿಡಲಿಲ್ಲ.

ಪ್ರಶ್ನೆ: ನಿಮ್ಮ ಬರಹದಲ್ಲಿ ಪೊಲೀಸರ ಮೇಲೆಯೇ ಸಿಟ್ಟು ಕಾಣುತ್ತದೆ. ಬಾಂಬ್ ಇಡುವವರನ್ನು ಹಿಡಿಯಲು ಒಂದೆರಡು ಬೀಗ ಮುರಿದರೆ ತಪ್ಪೇನು? ಅದಕ್ಕೆ ಎಫ್‌ಬಿಐ ಅಧಿಕಾರಿಗಳ ಮೇಲೆಯೇ ಕೇಸು ಹಾಕಬೇಕಿತ್ತಾ?

ಉತ್ತರ: ಹಾಕಬೇಕಿತ್ತು. ಯಾರ ಮನೆಯ ಬೀಗ ಮುರಿದರು ಅನ್ನುವುದನ್ನು ನೋಡಿ. ತಲೆಮರೆಸಿಕೊಂಡವರ ಮನೆ ಎಲ್ಲಿ ಅಂತಲೇ ಗೊತ್ತಿರಲಿಲ್ಲ. ನ್ಯೂಯಾರ್ಕಿನ ‘ಸ್ಕ್ವಾಡ್ 47’ ಎಂಬ ಎಫ್‌ಬಿಐ ತಂಡ ನುಗ್ಗಿದ್ದು ಅವರ ನೆಂಟರ, ಗೆಳೆಯರ ಮನೆಗಳಿಗೆ. ಯಾವ ಆರೋಪವೂ ಇಲ್ಲದ ಜನ ಅವರು. ವಾರಂಟ್ ಇಲ್ಲದೆ ಒಳಗೆ ಹೋಗಿ, ಕಾಗದ ಪತ್ರಗಳ ಫೋಟೊ ತೆಗೆದುಕೊಂಡು, ಬಂದದ್ದು ಗೊತ್ತಾಗದ ಹಾಗೆ ಹೊರಬರುತ್ತಿದ್ದರು. ಏಜೆಂಟರ ಬಾಯಲ್ಲಿ ಇದಕ್ಕೆ ‘ಬ್ಲ್ಯಾಕ್ ಬ್ಯಾಗ್ ಜಾಬ್’ ಎಂದು ಹೆಸರು. ಇದನ್ನು ನಿಲ್ಲಿಸಿ ಎಂದು ಎಫ್‌ಬಿಐ ಮುಖ್ಯಸ್ಥ ಎಡ್ಗರ್ ಹೂವರ್ ಅವರೇ 1966ರಲ್ಲಿ ಆದೇಶ ಕೊಟ್ಟಿದ್ದರು. 1972ರ ಮೇ ತಿಂಗಳಲ್ಲಿ ಅವರು ತೀರಿಕೊಂಡ ಮೇಲೂ ಇದು ನಡೆಯಿತು, ಮೇಲಧಿಕಾರಿಗಳಾದ ಮಾರ್ಕ್ ಫೆಲ್ಟ್ ಮತ್ತು ಎಡ್ವರ್ಡ್ ಮಿಲ್ಲರ್ ಒಪ್ಪಿಗೆ ಕೊಟ್ಟೇ ನಡೆಯಿತು.

1978ರಲ್ಲಿ ಇಬ್ಬರ ಮೇಲೂ ಆರೋಪ ಹೊರಿಸಲಾಯಿತು. ವಿಚಾರಣೆಯಲ್ಲಿ ಮಾಜಿ ಅಧ್ಯಕ್ಷ ನಿಕ್ಸನ್ ಖುದ್ದಾಗಿ ಬಂದು ಸಾಕ್ಷಿ ಹೇಳಿದರು. 1980ರ ನವೆಂಬರ್‌ನಲ್ಲಿ ತೀರ್ಪುಗಾರರು ಇಬ್ಬರೂ ತಪ್ಪಿತಸ್ಥರು ಎಂದರು. ಜೈಲು ಇಲ್ಲ, ಫೆಲ್ಟ್‌ಗೆ 5,000 ಡಾಲರ್, ಮಿಲ್ಲರ್‌ಗೆ 3,500 ಡಾಲರ್ ದಂಡ. ಮರುವರ್ಷವೇ ಅಧ್ಯಕ್ಷ ರೇಗನ್ ಇಬ್ಬರಿಗೂ ಕ್ಷಮಾದಾನ ಕೊಟ್ಟರು. ಇದೇ ಫೆಲ್ಟ್, ನಿಕ್ಸನ್ ಅವರ ಅಧ್ಯಕ್ಷ ಪದವಿಯನ್ನೇ ಕಳೆದ ವಾಟರ್‌ಗೇಟ್ ಹಗರಣದಲ್ಲಿ ಪತ್ರಕರ್ತರಿಗೆ ಗುಟ್ಟಾಗಿ ಮಾಹಿತಿ ಕೊಟ್ಟ ‘ಡೀಪ್ ಥ್ರೋಟ್’ ಎಂದು 2005ರಲ್ಲಿ ಜಗತ್ತಿಗೆ ಗೊತ್ತಾಯಿತು. ಒಂದು ಕಡೆ ಅಧ್ಯಕ್ಷರ ಕಳ್ಳತನ ಬಯಲು ಮಾಡಿದ ಮನುಷ್ಯ, ಅದೇ ವರ್ಷಗಳಲ್ಲಿ ಇನ್ನೊಂದು ಕಡೆ ನಿರಪರಾಧಿಗಳ ಮನೆಗೆ ನುಗ್ಗಲು ಅಪ್ಪಣೆ ಕೊಟ್ಟವರೂ ಹೌದು. ನನಗೆ ಅವರ ಬಗ್ಗೆ ದ್ವೇಷ ಇಲ್ಲ. ಆದರೆ ಆ ತೀರ್ಪು ಸರಿ, ಆ ಕ್ಷಮಾದಾನ ತಪ್ಪು ಅನ್ನುವುದು ನನ್ನ ಅಭಿಪ್ರಾಯ. ಇನ್ನೊಂದು ಮಾತು, ಬಾಂಬ್ ಇಟ್ಟವರಿಗೆ ಶಿಕ್ಷೆ ಆಗಬೇಕು ಅಂತ ನಿಮಗೆ ಆಸೆ ಇದ್ದರೆ ನೀವು ಮೊದಲು ಕೋಪಿಸಿಕೊಳ್ಳಬೇಕಾದದ್ದು ಈ ಏಜೆಂಟರ ಮೇಲೆ. ನೆಟ್ಟಗೆ ವಾರಂಟ್ ತಂದು ತನಿಖೆ ಮಾಡಿದ್ದರೆ ಆ ಕೇಸುಗಳನ್ನು ಹೀಗೆ ಕೈಬಿಡುವ ಗತಿ ಬರುತ್ತಿರಲಿಲ್ಲ.

ಪ್ರಶ್ನೆ: ಎಫ್‌ಬಿಐ ಕಚೇರಿಯಲ್ಲೇ ಕಳ್ಳತನ ಆಗಿತ್ತಂತೆ?

ಉತ್ತರ: ಆಗಿತ್ತು. ಈ ಇಡೀ ಕತೆಯಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ಆ ಕಳ್ಳತನ ಮಾಡಿದ ಎಂಟು ಜನರ ಮೇಲೆ. ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಪುಟ್ಟ ಪಟ್ಟಣದಲ್ಲಿ ಎಫ್‌ಬಿಐನ ಸಣ್ಣ ಕಚೇರಿ ಇತ್ತು. 1971ರ ಮಾರ್ಚ್ 8ರ ರಾತ್ರಿ, ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಬಾಕ್ಸಿಂಗ್ ಪಂದ್ಯಕ್ಕೆ ಎಲ್ಲರೂ ಕಿವಿಗೊಟ್ಟು ಕೂತಿದ್ದಾಗ, ಇವರು ಒಳಗೆ ಹೋಗಿ ಕಡತಗಳನ್ನೆಲ್ಲ ಸೂಟ್‌ಕೇಸಿಗೆ ತುಂಬಿಕೊಂಡು ಬಂದರು. ನೇತೃತ್ವ ಭೌತಶಾಸ್ತ್ರದ ಪ್ರಾಧ್ಯಾಪಕ ವಿಲಿಯಂ ಡೇವಿಡನ್ ಅವರದು. ಬಾನಿ ರೇನ್ಸ್ ಎಂಬ ಮೂರು ಮಕ್ಕಳ ತಾಯಿ ಕಾಲೇಜು ಹುಡುಗಿಯ ಹಾಗೆ ನಟಿಸಿ ಮೊದಲೇ ಕಚೇರಿಯೊಳಗೆ ಹೋಗಿ ನೋಡಿಕೊಂಡು ಬಂದಿದ್ದರು. ಬೀಗ ತೆಗೆಯುವ ಕೆಲಸ ಟ್ಯಾಕ್ಸಿ ಓಡಿಸುತ್ತಿದ್ದ ಕೀತ್ ಫೋರ್ಸೈತ್ ಅವರದು. ಹೊಸದೊಂದು ಬೀಗ ಎದುರಾದಾಗ ಅವರು ಇನ್ನೊಂದು ಬಾಗಿಲಿಗೆ ಹೋದರು, ಅದರ ಹಿಂದೆ ಕಡತಗಳ ಭಾರದ ಬೀರು ನಿಂತಿತ್ತು, ಸದ್ದಾಗದ ಹಾಗೆ ಅದನ್ನು ಇಂಚಿಂಚಾಗಿ ಸರಿಸಬೇಕಾಯಿತು.

ಆ ಕಡತಗಳು ಪತ್ರಿಕೆಗಳಿಗೆ ಹೋದವು. ಪ್ರತಿ ಅಂಚೆಪೆಟ್ಟಿಗೆಯ ಹಿಂದೆ ಒಬ್ಬ ಏಜೆಂಟ್ ಇದ್ದಾನೆ ಅನ್ನುವ ಭಯ ಚಳವಳಿಗಾರರಲ್ಲಿ ಹುಟ್ಟಬೇಕು ಎಂದು ಅಧಿಕಾರಿಗಳೇ ಬರೆದ ಕಾಗದ ಅದರಲ್ಲಿತ್ತು. ‘ಕೊಇಂಟೆಲ್‌ಪ್ರೊ’ ಎಂಬ ಹೆಸರು ಹೊರಗಿನವರಿಗೆ ಮೊದಲು ಸಿಕ್ಕಿದ್ದೂ ಅಲ್ಲೇ. 1956ರಿಂದ ನಡೆಯುತ್ತಿದ್ದ ಗುಪ್ತ ಕಾರ್ಯಕ್ರಮ ಅದು. ಸಂಘಟನೆಗಳ ಒಳಗೆ ಜಗಳ ಹಚ್ಚುವುದು, ಸುಳ್ಳು ಪತ್ರ ಬರೆಯುವುದು, ಮನುಷ್ಯರ ಹೆಸರು ಕೆಡಿಸುವುದು ಎಲ್ಲ ಅದರಲ್ಲಿ ಬರುತ್ತಿತ್ತು. ಹೂವರ್ 1971ರ ಏಪ್ರಿಲ್‌ನಲ್ಲೇ ಅದನ್ನು ನಿಲ್ಲಿಸಿದರು. ಎಂಟು ಜನರಲ್ಲಿ ಒಬ್ಬರನ್ನೂ ಎಫ್‌ಬಿಐ ಹಿಡಿಯಲಿಲ್ಲ. ಕೇಸು ಹಾಕುವ ಐದು ವರ್ಷದ ಗಡುವು ಮುಗಿದು ಎಷ್ಟೋ ಕಾಲದ ಮೇಲೆ, 2014ರಲ್ಲಿ, ಹೆಚ್ಚಿನವರು ತಾವಾಗಿಯೇ ಹೆಸರು ಹೇಳಿಕೊಂಡರು. ಬಾಂಬ್ ಗುಂಪು ಮಾಡಲಾಗದ್ದನ್ನು ಇವರು ಯಾರಿಗೂ ಗಾಯ ಮಾಡದೆ ಮಾಡಿ ತೋರಿಸಿದರು.

ಪ್ರಶ್ನೆ: ಹಾಗಾದರೆ ವೆದರ್ ಗುಂಪಿನಲ್ಲಿ ಯಾರೂ ಜೈಲು ಕಾಣಲೇ ಇಲ್ವಾ?

ಉತ್ತರ: ಕಂಡರು, ಆದರೆ ದೊಡ್ಡ ಶಿಕ್ಷೆಗಳು ಆದದ್ದು ಗುಂಪು ಚದುರಿಹೋದ ಮೇಲೆ. 1981ರ ಅಕ್ಟೋಬರ್ 20ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಬ್ರಿಂಕ್ಸ್ ಕಂಪನಿಯ ಹಣದ ಗಾಡಿಯ ದರೋಡೆ ನಡೆಯಿತು, ಅದರಲ್ಲಿ ವೆದರ್ ಗುಂಪಿನ ಕೆಲವು ಹಳಬರೂ ಇದ್ದರು. ಕಾವಲುಗಾರ ಪೀಟರ್ ಪೇಜ್, ಪೊಲೀಸರಾದ ಎಡ್ವರ್ಡ್ ಒಗ್ರೇಡಿ ಮತ್ತು ವೇವರ್ಲಿ ಬ್ರೌನ್ ಸತ್ತರು. ಬ್ರೌನ್ ಅವರು ನಯಾಕ್ ಪೊಲೀಸ್ ಪಡೆಯ ಮೊದಲ ಕಪ್ಪು ಅಧಿಕಾರಿ. ಕಪ್ಪು ಜನರ ಬಿಡುಗಡೆಗೆ ಅಂತ ಹೊರಟವರ ಕೈಯಲ್ಲೇ ಅವರ ಜೀವ ಹೋಯಿತು. ದರೋಡೆಕೋರರು ಪರಾರಿಯಾಗುತ್ತಿದ್ದ ಗಾಡಿಯಲ್ಲಿದ್ದ ಕ್ಯಾಥಿ ಬೌಡಿನ್, 1970ರ ಆ ಮನೆಯಿಂದ ಬದುಕಿ ಓಡಿದ್ದವರಲ್ಲಿ ಒಬ್ಬರು, 2003ರವರೆಗೆ ಜೈಲಿನಲ್ಲಿದ್ದರು. ಅವರ ಸಂಗಾತಿ ಡೇವಿಡ್ ಗಿಲ್ಬರ್ಟ್ ಹೊರಬಂದದ್ದು 2021ರಲ್ಲಿ. ಇವರಿಬ್ಬರ 14 ತಿಂಗಳ ಮಗು ಚೇಸಾನನ್ನು ಬರ್ನಾರ್ಡಿನ್ ಡೋರ್ನ್ ಮತ್ತು ಅವರ ಸಂಗಾತಿ, ಅದೇ ಗುಂಪಿನ ಬಿಲ್ ಏಯರ್ಸ್ ಸಾಕಿದರು. ಆ ಹುಡುಗ ಮುಂದೆ ಸ್ಯಾನ್ ಫ್ರಾನ್ಸಿಸ್ಕೊದ ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಅಪರಾಧಿಗಳ ಮೇಲೆ ಕೇಸು ನಡೆಸುವ ಮುಖ್ಯ ಸರ್ಕಾರಿ ವಕೀಲ ಆದ.

ಪ್ರಶ್ನೆ: ಇನ್ನೂ ಸಿಗದವರು ಇದ್ದಾರಾ?

ಉತ್ತರ: ಇದ್ದಾರೆ, ಆದರೆ ವೆದರ್ ಗುಂಪಿನವರಲ್ಲ. 1970ರ ಆಗಸ್ಟ್ 24ರ ನಸುಕಿನಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟರ್ಲಿಂಗ್ ಹಾಲ್ ಮುಂದೆ ನಾಲ್ವರು ಒಂದು ವ್ಯಾನ್ ತುಂಬ ಸ್ಫೋಟಕ ಸಿಡಿಸಿದರು. ಗುರಿ ಅಲ್ಲಿದ್ದ ಸೇನೆಯ ಗಣಿತ ಸಂಶೋಧನಾ ಕೇಂದ್ರ. ಸತ್ತದ್ದು ಅದಕ್ಕೆ ಸಂಬಂಧವೇ ಇಲ್ಲದ, ರಾತ್ರಿಯಿಡೀ ತನ್ನ ಪ್ರಯೋಗದಲ್ಲಿ ಮುಳುಗಿದ್ದ ಭೌತವಿಜ್ಞಾನಿ ರಾಬರ್ಟ್ ಫಾಸ್ನಾಕ್ಟ್. ಮೂವರು ಸಿಕ್ಕಿ ಜೈಲಿಗೆ ಹೋದರು. ನಾಲ್ಕನೆಯವನಾದ ಲಿಯೊ ಬರ್ಟ್ ಹೆಸರು ಎಫ್‌ಬಿಐ ಕಡತದಲ್ಲಿ ಇನ್ನೂ ತೆರೆದೇ ಇದೆ.