ಆ ಕ್ಯಾಲೆಂಡರ್ ಹಾಳೆ ಹರಿದು ಹಾಕಿ, ಅಕ್ಕಾ

ಈ ವಾರ ಬಂದ ಒಂದು ಪತ್ರ ಓದಿದ ಮೇಲೆ ಎರಡು ದಿನ ಬೇರೆ ಪತ್ರಕ್ಕೆ ಕೈ ಹಾಕಲು ಮನಸ್ಸಾಗಲಿಲ್ಲ. ಬರೆದವರು ಗದಗ ಜಿಲ್ಲೆಯ ಒಂದು ಹಳ್ಳಿಯವರು. ವಯಸ್ಸು 58. ಮಗನಿಗೆ 29, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಇವರಿಗೆ ಫೋನಿನಲ್ಲಿ ಟೈಪ್ ಮಾಡೋದು ಕಷ್ಟ, ಹಾಗಾಗಿ ದಿನಾ ರಾತ್ರಿ ಮಗನಿಗೆ ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ಮೆಸೇಜ್ ಕಳಿಸ್ತಾರೆ. ಮರುದಿನ ಅವನಿಂದ ಒಂದು ಹೆಬ್ಬೆರಳಿನ ಚಿತ್ರ ಬರುತ್ತೆ. ಜಾಸ್ತಿ ಅಂದರೆ ಇಂಗ್ಲಿಷ್ ಅಕ್ಷರದಲ್ಲಿ 'ಓಕೆ ಅವ್ವ'. ಮೊನ್ನೆ ಪಕ್ಕದ ಮನೆ ಹುಡುಗಿ ಇವರಿಗೆ ಒಂದು ವಿಷಯ ಹೇಳಿಕೊಟ್ಟಳಂತೆ. ನಾವು ಕಳಿಸಿದ ಮೆಸೇಜಿನಲ್ಲಿ ಒಂದು ಪುಟ್ಟ ಮೈಕ್ ಇರುತ್ತಲ್ಲ, ಅದು ನೀಲಿ ಆದರೆ ಆ ಕಡೆಯವರು ಕೇಳಿದ್ದಾರೆ ಅಂತ ಅರ್ಥ, ಬೂದು ಬಣ್ಣದಲ್ಲೇ ಇದ್ದರೆ ಇನ್ನೂ ಕೇಳಿಲ್ಲ. ಇವರು ಕಟ್ಟೆ ಮೇಲೆ ಕೂತು ಹಳೇ ಮೆಸೇಜುಗಳನ್ನು ಒಂದೊಂದಾಗಿ ನೋಡಿದ್ದಾರೆ. ಎಲ್ಲಾ ಬೂದು. ದೀಪಾವಳಿ ತನಕ ಹಿಂದೆ ಹೋದ ಮೇಲೆ ನೀಲಿ ಸಿಕ್ಕಿದೆ.

'ಕೇಳದನ ಹೆಬ್ಬೆಟ್ಟು ತೋರಸ್ತಾನಲ್ರಿ. ಕಳಸೂದು ಬಿಡ್ಲೋ, ಅವನ್ನ ಸೀದಾ ಕೇಳ್ಲೋ?' ಅಂತ ಬರೆದಿದ್ದಾರೆ.

ಅಕ್ಕಾ, ಮೊದಲು ನಿಮ್ಮ ಮಗನ ಬಗ್ಗೆ ಎರಡು ಮಾತು. ಕೇಳದೇ ಹೆಬ್ಬೆರಳು ತೋರಿಸಿದ್ದು ತಪ್ಪು. ಅದು ಸುಳ್ಳು ಹೇಳಿದ ಹಾಗೆ. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾನೆ, ನಮ್ಮ ಭಾಷೆ ಮರೆತ ಅಂತಲೂ ನೊಂದುಕೊಂಡಿದ್ದೀರಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವನ ವಯಸ್ಸಿನವರ ಕೈಗೆ ಮೊದಲು ಬಂದಿದ್ದು ಗುಂಡಿ ಒತ್ತುವ ಫೋನು. ಅದರಲ್ಲಿ ಕನ್ನಡ ಅಕ್ಷರ ಕಳಿಸಿದರೆ ಎಷ್ಟೋ ಫೋನುಗಳಲ್ಲಿ ಬರೀ ಚೌಕ ಚೌಕ ಕಾಣ್ತಿತ್ತು. ಕಂಡರೂ ಖರ್ಚು ಜಾಸ್ತಿ, ಯಾಕೆಂದರೆ ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷ್ ಅಕ್ಷರವಾದರೆ 160 ಹಿಡಿಸುತ್ತಿತ್ತು, ಕನ್ನಡವಾದರೆ 70 ಮಾತ್ರ. ಹಾಗಾಗಿ ಆ ಮಕ್ಕಳು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ, ಅದೂ ಮೊಟಕು ಮಾಡಿ ಬರೆಯೋದು ಕಲಿತರು. ಆಮೇಲೆ ಕನ್ನಡದ ಕೀಬೋರ್ಡ್ ಬಂತು, 2017ರಿಂದ ಗೂಗಲ್ ಕೀಬೋರ್ಡಿನಲ್ಲಿ ಕನ್ನಡದಲ್ಲಿ ಬಾಯಲ್ಲಿ ಹೇಳಿದರೆ ಅಕ್ಷರ ಮೂಡೋದೂ ಬಂತು. ಆದರೆ ಕೈಗೆ ಬಿದ್ದ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡಲ್ಲ. ಅವನು 'ಅವ್ವ' ಅಂತಲೇ ಬರೆಯುತ್ತಾನೆ ಅಲ್ವಾ? ಅಕ್ಷರ ಯಾವುದಾದರೆ ಏನು.

ಇನ್ನು ನನ್ನ ನಿದ್ದೆ ಕೆಡಿಸಿದ ವಿಷಯಕ್ಕೆ ಬರ್ತೀನಿ. ನಿಮ್ಮ ಪತ್ರದ ಮೂರನೇ ಪುಟದಲ್ಲಿ, ಮೆಣಸಿನಕಾಯಿ ರೇಟಿಗೂ ಯಜಮಾನರ ಮಂಡಿನೋವಿಗೂ ನಡುವೆ, ಒಂದೇ ಒಂದು ಸಾಲು ಬರೆದಿದ್ದೀರಿ. 'ದೀಪಾವಳಿಗೆ ಮಗಳು ಬಂದಾಗ ಹಂಗ ಮಾತಾಡಬ್ಯಾಡ ಅಂದ್ಲು, ಅವತ್ತಿಂದ ಕ್ಯಾಲೆಂಡರ್ ಹಿಂದ ಬರಕೊಂಡು ನೋಡಿ ಓದಿ ಕಳಸ್ತೀನಿ.' ಇದನ್ನು ಹೇಳಿ ಸುಮ್ನೆ ಮುಂದೆ ಹೋಗಿಬಿಟ್ಟಿದ್ದೀರಿ. ಅಕ್ಕಾ, ದೀಪಾವಳಿ ತನಕ ನೀಲಿ, ಆಮೇಲೆ ಬೂದು ಅಂತ ಬರೆದವರೂ ನೀವೇ. ಎರಡನ್ನೂ ನೀವೇ ಬರೆದಿದ್ದೀರಿ, ಜೋಡಿಸಿ ನೋಡಿಲ್ಲ ಅಷ್ಟೇ.

ಅಂಥ ಒಂದು ಹಾಳೆಯನ್ನು ಪತ್ರದ ಜೊತೆ ಮಡಚಿ ಕಳಿಸಿದ್ದೀರಿ. ದೊಡ್ಡ ದೊಡ್ಡ ಅಂಕಿಯ ಕ್ಯಾಲೆಂಡರಿನ ಹಾಳೆ, ಮುಂದಿನ ಅಂಕಿಗಳು ಹಿಂದಕ್ಕೆ ಮಸುಕಾಗಿ ಕಾಣುತ್ತಿವೆ. ಅದರ ಮೇಲೆ ದುಂಡಗಿನ ಅಕ್ಷರದಲ್ಲಿ, ಎರಡು ಕಡೆ ಹೊಡೆದು ಹಾಕಿ ತಿದ್ದಿ ಬರೆದಿದ್ದೀರಿ. 'ಪ್ರೀತಿಯ ಮಗನಿಗೆ ತಾಯಿಯ ಆಶೀರ್ವಾದಗಳು. ನಾವೆಲ್ಲರೂ ಕ್ಷೇಮವಾಗಿದ್ದೇವೆ. ನಮ್ಮ ಎಮ್ಮೆಯು ಒಂದು ಕರುವಿಗೆ ಜನ್ಮ ನೀಡಿದೆ. ನಿನ್ನ ಆರೋಗ್ಯದ ಕಡೆ ಗಮನ ಕೊಡು.' ಮೊದಲು 'ಈದೈತಿ' ಅಂತ ಬರೆದು, ಅದನ್ನು ಹೊಡೆದು ಹಾಕಿ, ಮೇಲೆ 'ಜನ್ಮ ನೀಡಿದೆ' ಅಂತ ಬರೆದಿದ್ದೀರಿ. ಹೊಡೆದ ಗೆರೆ ಕೆಳಗೆ ಇನ್ನೂ ಓದಲು ಬರುತ್ತೆ.

ಇಡೀ ದಿನ ಮೀಟಿಂಗು, ಟ್ರಾಫಿಕ್ಕು ಅಂತ ಸುಸ್ತಾಗಿ ರೂಮಿಗೆ ಬಂದ ಹುಡುಗ ಫೋನ್ ಕಿವಿಗಿಟ್ಟಾಗ ಯಾರೋ ವಾರ್ತೆ ಓದಿದ ಹಾಗೆ ಕೇಳಿಸಿದರೆ ಅವನೇನು ಮಾಡಬೇಕು? ಕಾರಣ ಇದೊಂದೇ ಅಂತ ನಾನು ಆಣೆ ಇಟ್ಟು ಹೇಳಲ್ಲ. ಕೆಲಸದ ಒತ್ತಡವೂ ಇರಬಹುದು. ಆದರೆ ದೀಪಾವಳಿಗೆ ಮುಂಚೆಯೂ ಅದೇ ಕೆಲಸ, ಅದೇ ಊರು. ಆಗ ಕೇಳ್ತಿದ್ದ.

ನನಗೆ ಸಿಟ್ಟು ಬಂದಿರೋದು ನಿಮ್ಮ ಮಗಳ ಮೇಲೆ. ಧಾರವಾಡದಲ್ಲಿ ಹೈಸ್ಕೂಲ್ ಟೀಚರಂತೆ. ತಮ್ಮನಿಗೆ ಬೆಂಗಳೂರು ಕಡೆ ಹೆಣ್ಣು ನೋಡ್ತಿದ್ದೀವಿ, 'ಫೋನ್ ಹಚ್ಚೀನಿ' ಅಂದರೆ ಆ ಕಡೆಯವರು ನಗ್ತಾರೆ, 'ಫೋನ್ ಮಾಡಿದ್ದೀನಿ' ಅನ್ನು ಅಂತ ನಿಮ್ಮನ್ನು ತಿದ್ದಿದಳಂತೆ. ಹಚ್ಚೋದರಲ್ಲಿ ಏನು ತಪ್ಪಿದೆ? ದೀಪ ಹಚ್ಚುತ್ತೀರಿ, ತಲೆಗೆ ಎಣ್ಣೆ ಹಚ್ಚುತ್ತೀರಿ, ನಿಮ್ಮ ಕಡೆ ಮಕ್ಕಳನ್ನು ಸಾಲಿಗೂ ಹಚ್ಚುತ್ತೀರಿ. ಈ ಮಗಳನ್ನು ಸಾಲಿಗೆ ಹಚ್ಚಿದವರೂ ನೀವೇ. ಬೆಂಗಳೂರಿನವರೂ ಮಾತು ಮುಗಿದ ಮೇಲೆ 'ಸರಿ, ಇಡ್ತೀನಿ' ಅಂತಾರೆ. ಎಲ್ಲಿ ಇಡ್ತಾರೆ? ತಂತಿ ಫೋನಿನ ರಿಸೀವರ್ ಇಡುವ ಕಾಲದ ಮಾತದು. ಆ ಫೋನು ಮನೆಯಿಂದ ಹೋಗಿ ಎಷ್ಟು ವರ್ಷ ಆಯಿತು, ಮಾತು ಉಳಿದಿದೆ, ಅದಕ್ಕೆ ಯಾರೂ ನಗಲ್ಲ.

ಈ ಅಂಕಣ ಓದುವವರಿಗೆ ಗೊತ್ತು, ಮನೆಯವರ ಮಾತನ್ನು ಮನೆಯೊಳಗೆ ತಿದ್ದಬಾರದು ಅಂತ ನಾನು ಎಷ್ಟು ಸಲ ಬರೆದಿದ್ದೀನಿ. ಗಂಡ ಹೆಂಡತಿಯ ಇಂಗ್ಲಿಷ್ ತಿದ್ದಬಾರದು, ಸೊಸೆ ಅತ್ತೆಯ 'ಅ'ಕಾರ 'ಹ'ಕಾರ ತಿದ್ದಬಾರದು. ತಿದ್ದಿದ ಮೇಲೆ ಅವರು ಮಾತು ಕಡಿಮೆ ಮಾಡ್ತಾರೆಯೇ ಹೊರತು ಚೆನ್ನಾಗಿ ಮಾತಾಡಲ್ಲ. ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡಲಿ, ಅದು ಅವರ ಕೆಲಸ. 58 ವರ್ಷದ ತಾಯಿಯ ನಾಲಿಗೆಗೆ ಕೈ ಹಾಕೋದು ಅಲ್ಲ.

ನನಗೆ ಇದು ಇಷ್ಟು ತಾಕಲು ಕಾರಣ ಇದೆ. 1989ರಲ್ಲಿ ನಾನು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದೆ. ನಮ್ಮೂರು ತುಮಕೂರು ಕಡೆ. ಊರಲ್ಲಿ ಆಗ ಫೋನಿಲ್ಲ. ಅಪ್ಪ ತಿಂಗಳಿಗೆ ಒಂದು ಇನ್‌ಲ್ಯಾಂಡ್ ಲೆಟರ್ ಹಾಕ್ತಿದ್ದರು. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು, ಕಾಗದ ಅಂದರೆ ಹೀಗೇ ಬರೀಬೇಕು ಅಂತ ಯಾರೋ ಹೇಳಿಕೊಟ್ಟಿದ್ದರು. 'ಚಿರಂಜೀವಿಗೆ ಆಶೀರ್ವಾದಗಳು. ಉ. ಕು. ಸಾಂಪ್ರತ. ನಿನ್ನ ಕ್ಷೇಮಕ್ಕೆ ಆಗಾಗ್ಗೆ ಕಾಗದ ಬರೆಯುತ್ತಿರುವುದು.' ಉ. ಕು. ಸಾಂಪ್ರತ ಅಂದರೆ 'ಉಭಯ ಕುಶಲೋಪರಿ ಸಾಂಪ್ರತ', ಕಾಗದದ ಶುರುವಿನಲ್ಲಿ ಎಲ್ಲರೂ ಬರೆಯುತ್ತಿದ್ದ ಕ್ಷೇಮದ ಮಾತು. ಅಪ್ಪ ಹೋಗಿ 19 ವರ್ಷ ಆಯಿತು. ಆ ಕಾಗದಗಳು ನನ್ನ ಹತ್ತಿರ ಟ್ರಂಕಿನಲ್ಲಿವೆ. ಎಲ್ಲಾ ಒಂದೇ ಥರ. ಯಾವುದರಲ್ಲೂ ನಮ್ಮಪ್ಪ ಇಲ್ಲ. ಒಂದರಲ್ಲಿ ಮಾತ್ರ, ಕಾಗದ ತುಂಬಿದ ಮೇಲೆ, ಅಂಟು ಹಚ್ಚುವ ಮಡಿಕೆಯ ಪಕ್ಕ ಇಷ್ಟೇ ಇಷ್ಟು ಜಾಗದಲ್ಲಿ ಅಡ್ಡಡ್ಡ ಬರೆದಿದ್ದಾರೆ. 'ಕರಿಯ ನಾಕು ದಿನದಿಂದ ಕಾಣ್ತಿಲ್ಲ ಕಣವ್ವ, ನಿನ್ನ ಹುಡುಕ್ಕಂಡು ಅಲ್ಲಿಗೇನಾದ್ರೂ ಬಂದೈತಾ ನೋಡು.' ಕರಿಯ ನಮ್ಮ ನಾಯಿ. ಅಷ್ಟು ದೂರ ಅದು ಬರಲ್ಲ ಅಂತ ಅಪ್ಪನಿಗೂ ಗೊತ್ತು. ಅವತ್ತು ನಾನು ಹಾಸ್ಟೆಲಿನ ಗೇಟಿನ ತನಕ ಹೋಗಿ ರಸ್ತೆ ನೋಡಿ ಬಂದೆ. ಅಪ್ಪನ ಧ್ವನಿ ಕೇಳಬೇಕು ಅನ್ನಿಸಿದಾಗ ಈಗಲೂ ಅದೊಂದನ್ನೇ ತೆಗೆದು ಓದ್ತೀನಿ. ನಿಮಗೆ ಬರೆಯುವ ಕಷ್ಟವೇ ಇಲ್ಲ ಅಕ್ಕಾ. ನಿಮ್ಮ ಧ್ವನಿಯೇ ಹೋಗುತ್ತೆ, ಅದು ಅವನ ಫೋನಿನಲ್ಲಿ ಉಳಿಯುತ್ತೆ. ಅದರಲ್ಲೂ ಸಾಂಪ್ರತ ಓದಿಬಿಟ್ಟರೆ ಹೇಗೆ?

ಹಾಗಾಗಿ ಮಗನನ್ನು ಏನೂ ಕೇಳಬೇಡಿ. ಬೂದು ನೀಲಿ ಲೆಕ್ಕ ಹೇಳಬೇಡಿ. ಮೆಸೇಜ್ ನಿಲ್ಲಿಸಲೂ ಬೇಡಿ. ಮಾಡಬೇಕಾದ್ದು ಒಂದೇ. ಇನ್ನು ಮುಂದೆ ಬರೆದುಕೊಂಡು ಮಾತಾಡಬೇಡಿ. ಮಗಳು ಏನೇ ಹೇಳಲಿ.

ಊಟ ಆಗಿ ಕೂತ ಮೇಲೆ ಬೇಡ, ಕೂತರೆ ಮತ್ತೆ ಪೆನ್ನು ಹುಡುಕ್ತೀರಿ. ರೊಟ್ಟಿ ಬಡಿಯುವಾಗ ಮಾಡಿ. ಮೈಕಿನ ಮೇಲೆ ಬೆರಳಿಟ್ಟು ಮೇಲಕ್ಕೆ ಜಾರಿಸಿದರೆ ಒಂದು ಬೀಗದ ಗುರುತು ಬರುತ್ತೆ, ಆಮೇಲೆ ಒತ್ತಿ ಹಿಡಿಯೋದು ಬೇಕಿಲ್ಲ. ಹಿಟ್ಟಿನ ಕೈಯಲ್ಲಿ ಆಗದಿದ್ದರೆ ಪಕ್ಕದ ಮನೆ ಹುಡುಗಿ ಮಾಡಿಕೊಡ್ತಾಳೆ. ಫೋನನ್ನು ಒಲೆಯಿಂದ ಸ್ವಲ್ಪ ದೂರ ಇಟ್ಟು ಬಡಿಯುತ್ತಾ ಮಾತಾಡಿ, ಆ ಸದ್ದೂ ಹೋಗಲಿ. ಒಂದು ನಿಮಿಷ ಸಾಕು. ಆರೋಗ್ಯದ ಕಡೆ ಗಮನ ಕೊಡು ಅನ್ನಬೇಡಿ. ಎಮ್ಮೆ ವಿಷಯ ಹೇಳಿ. ಅದನ್ನು ಕಳಿಸಿ ಆಯ್ತಲ್ಲ ಅನ್ನಬೇಡಿ, ಅವನು ಕೇಳಿಲ್ಲ, ಅವನಿಗೆ ಇನ್ನೂ ಹೊಸ ಸುದ್ದಿ. 'ಯಪ್ಪಾ, ನಮ್ಮ ಎಮ್ಮಿ ಈದೈತಿ, ಹೆಣ್ಣ ಕರ, ಗಿಣ್ಣ ಮಾಡಿದ್ನಿ, ನೀ ಇರಲಿಲ್ಲ ನೋಡು' ಅಂತ, ನನಗೆ ಪತ್ರದಲ್ಲಿ ಬರೆದ ಹಾಗೇ.